ಎಲ್ಲ ಟೆಸ್ಟ್ ಪಾಸ್, ಆದರೂ ಕಂಪ್ಯೂಟರ್ ಕೈಕೊಡುತ್ತಿದೆ: ಈ ಟೂಲ್‌ಗಳನ್ನು ಎಷ್ಟು ನಂಬಬಹುದು?

ಬದಿಯಡ್ಕ ಡಿಟಿಪಿ

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಉಂಟು. ಮದುವೆ ಕಾಗದ, ಆಟದ ನೋಟೀಸು, ಬ್ರಹ್ಮಕಲಶದ ಆಮಂತ್ರಣ, ಸೊಸೈಟಿಯ ವಾರ್ಷಿಕ ವರದಿ, ಇದೇ ಕೆಲಸ. ಈಗ ಸೀಸನ್. ಇಂಥ ಹೊತ್ತಿನಲ್ಲೇ ಕಂಪ್ಯೂಟರ್ ಸತಾಯಿಸುತ್ತಿದೆ.

6 ಕೋರ್ ಪ್ರೊಸೆಸರ್, ಡಿಡಿಆರ್4 ರ‍್ಯಾಮ್ 8+8 ಜಿಬಿ, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಡಿಸ್ಕ್, 450 ವ್ಯಾಟ್ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ), 600 ವಿಎ ಯುಪಿಎಸ್. ಮೂರು ವರ್ಷದ ಯಂತ್ರ. ಎರಡು ತಿಂಗಳ ಹಿಂದೆ ಎರಡನೇ 8 ಜಿಬಿ ಹಾಕಿಸಿದೆ.

ಮೊನ್ನೆ ನಡೆದದ್ದನ್ನು ಹೇಳುತ್ತೇನೆ. 24 ಪುಟದ ಆಮಂತ್ರಣ. ಸಮಿತಿಯವರು ಎದುರಿಗೇ ಕೂತಿದ್ದರು. ಪಿಡಿಎಫ್ ಮಾಡಲು ಕೊಟ್ಟೆ. ನಾಲ್ಕು ಸಲ ಸರಿಯಾಗಿ ಬಂತು. ಒಂದು ಹೆಸರು ತಿದ್ದಿ ಐದನೇ ಸಲ ಕೊಟ್ಟಾಗ 17ನೇ ಪುಟದ ಫೋಟೋ ಅರ್ಧಕ್ಕೇ ನಿಂತಿತ್ತು. ತಂತ್ರಿಗಳ ಮುಖ ಸರಿ ಇತ್ತು, ಎದೆಯಿಂದ ಕೆಳಗೆ ಬರೀ ಹಸಿರು ಪಟ್ಟಿ. ಮೂಲ ಫೋಟೋ ತೆರೆದು ನೋಡಿದರೆ ಅದಕ್ಕೆ ಏನೂ ಆಗಿರಲಿಲ್ಲ. ನನ್ನ ಕಣ್ಣಿಗೆ ಬೀಳದೇ ಪ್ರಿಂಟಿಗೆ ಹೋಗಿದ್ದರೆ 3000 ಪ್ರತಿ ಹಾಳು.

ಇದಲ್ಲದೆ ವಾರಕ್ಕೆ ಮೂರು ನಾಲ್ಕು ಸಲ ನೀಲಿ ಪರದೆ ಬಂದು ವಿಂಡೋಸ್ ನಿಂತುಬಿಡುತ್ತದೆ. ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್ ಅನ್ನುತ್ತದೆ, ಇನ್ನೊಮ್ಮೆ ಐಆರ್‌ಕ್ಯೂಎಲ್ ಏನೋ, ಮತ್ತೊಮ್ಮೆ ಪೇಜ್ ಫಾಲ್ಟ್.

ರಿಪೇರಿಗೆ ಕೊಟ್ಟೆ. ಎರಡು ದಿನ ಇಟ್ಟುಕೊಂಡು ವಾಪಸ್ ಕೊಟ್ಟರು. ವಿಂಡೋಸಿನ ಮೆಮೊರಿ ಡಯಾಗ್ನಾಸ್ಟಿಕ್ ಪಾಸ್, ರ‍್ಯಾಮ್ ನೋಡುವ ಮೆಮ್‌ಟೆಸ್ಟ್ ಒಂದು ಸುತ್ತು ಪಾಸ್, ಪ್ರೊಸೆಸರ್ ಟೆಸ್ಟ್ ಒಂದು ಗಂಟೆ ಪಾಸ್, ಡಿಸ್ಕ್ ಹೆಲ್ತ್ 98 ಶೇಕಡಾ. ‘ಹಾರ್ಡ್‌ವೇರ್ ಪಕ್ಕಾ ಇದೆ, ಸಾಫ್ಟ್‌ವೇರ್ ತೊಂದರೆ, ವಿಂಡೋಸ್ ಹೊಸದಾಗಿ ಹಾಕಿ’ ಅಂದರು. ಎರಡು ಸಲ ಹಾಕಿಯಾಯಿತು. ಫಾಂಟ್‌ಗಳನ್ನೆಲ್ಲ ಮತ್ತೆ ಕೂರಿಸುವುದರಲ್ಲೇ ಒಂದು ದಿನ ಹೋಯಿತು. ತೊಂದರೆ ಮಾತ್ರ ಹಾಗೆಯೇ ಉಂಟು.

ನಾಲ್ಕು ಟೂಲ್ ಸರಿ ಅಂದ ಮೇಲೂ ಯಂತ್ರ ಸರಿ ಇಲ್ಲ ಅಂದರೆ ಎಂತ ಅರ್ಥ? ಈ ಟೂಲ್‌ಗಳನ್ನು ಎಷ್ಟರ ಮಟ್ಟಿಗೆ ನಂಬಬೇಕು?

ಕುಂಬಳೆ ಸರ್ವೀಸ್

ಅಣ್ಣ, ನಾನು 18 ವರ್ಷದಿಂದ ರಿಪೇರಿ ಕೆಲಸದಲ್ಲಿದ್ದೇನೆ. ಟೂಲ್ ‘ತಪ್ಪು ಸಿಕ್ಕಿತು’ ಅಂದರೆ ನಂಬಿ. ‘ತಪ್ಪಿಲ್ಲ’ ಅಂದರೆ, ನೋಡಿದ ಹೊತ್ತಿನಲ್ಲಿ, ನೋಡಿದ ರೀತಿಯಲ್ಲಿ ಸಿಗಲಿಲ್ಲ ಅಂತ ಮಾತ್ರ. ತೋಟಕ್ಕೆ ಹಂದಿ ಬರುತ್ತದಾ ಅಂತ ಹಗಲು ಹೊತ್ತಿನಲ್ಲಿ ಹೋಗಿ ನೋಡಿದ ಹಾಗೆ. ಹಂದಿ ಕಾಣದಿದ್ದರೆ ಹಂದಿಯೇ ಇಲ್ಲ ಅಂತ ಅಲ್ಲ.

ನೀವು ಬರೆದದ್ದು ಓದಿದರೆ ನನಗೆ ಸಾಫ್ಟ್‌ವೇರ್ ಮೇಲೆ ಸಂಶಯ ಬರುವುದಿಲ್ಲ. ಸಾಫ್ಟ್‌ವೇರಿನ ತಪ್ಪು ಸಾಧಾರಣವಾಗಿ ಒಂದೇ ಜಾಗದಲ್ಲಿ ಎಡವುತ್ತದೆ. ಅದೇ ಫೈಲು, ಅದೇ ಪುಟ, ಅದೇ ಎರರ್ ಕೋಡು. ನಿಮ್ಮದರಲ್ಲಿ ಪ್ರತಿ ಸಲ ಬೇರೆ ಕೋಡು. ಒಂದೇ ಫೈಲು ನಾಲ್ಕು ಸಲ ಸರಿ, ಐದನೇ ಸಲ ತಪ್ಪು. ಅದೂ ಎರಡನೇ ರ‍್ಯಾಮ್ ಹಾಕಿದ ಮೇಲೆ ಶುರುವಾದದ್ದು.

ವಿಂಡೋಸಿನ ಮೆಮೊರಿ ಟೆಸ್ಟ್ ಸುಮ್ನೆ ಕೊಟ್ಟರೆ ‘ಸ್ಟ್ಯಾಂಡರ್ಡ್’ ಬಗೆಯಲ್ಲಿ ಎರಡು ಸುತ್ತು ಓಡಿ ಮುಗಿಯುತ್ತದೆ. ಪೂರ್ತಿ ಸತ್ತ ರ‍್ಯಾಮನ್ನು ಅದು ಹಿಡಿಯುತ್ತದೆ, ಅಪರೂಪಕ್ಕೆ ಎಡವುವ ರ‍್ಯಾಮನ್ನು ಬಿಟ್ಟುಬಿಡುವುದೇ ಜಾಸ್ತಿ. ಟೆಸ್ಟ್ ಓಡುವಾಗ ಎಫ್1 ಒತ್ತಿ ‘ಎಕ್ಸ್‌ಟೆಂಡೆಡ್’ ಆರಿಸಬಹುದು, ಆದರೆ ಆ ಕಷ್ಟ ಯಾರೂ ಪಡುವುದಿಲ್ಲ. ಇನ್ನು ಮೆಮ್‌ಟೆಸ್ಟ್. ಅದರ ಮೊದಲ ಸುತ್ತು ಬೇಕೆಂದೇ ಚುಟುಕಾಗಿ ಓಡುತ್ತದೆ. ದೊಡ್ಡ ತಪ್ಪು ಬೇಗ ಸಿಗಲಿ ಅಂತ. ಒಂದೇ ಸುತ್ತಿಗೆ ನಿಲ್ಲಿಸಿದರೆ ನಿಜವಾದ ಪರೀಕ್ಷೆ ನಡೆದೇ ಇಲ್ಲ ಅನ್ನಬೇಕು.

ನಾಲ್ಕು ವಿಷಯ ತಿಳಿಸಿ. ಯಾವ ಹೊತ್ತಿನಲ್ಲಿ ಕೈಕೊಡುತ್ತದೆ? ಎರಡೂ ರ‍್ಯಾಮ್ ಒಂದೇ ಮಾಡೆಲ್ಲಾ? ಬಯಾಸಿನಲ್ಲಿ, ಅಂದರೆ ವಿಂಡೋಸಿಗೂ ಮೊದಲು ಸಿಗುವ ಸೆಟ್ಟಿಂಗಿನಲ್ಲಿ, ರ‍್ಯಾಮಿನ ವೇಗ ಏರಿಸುವ ಎಕ್ಸ್‌ಎಂಪಿ ಹಾಕಿದ್ದಾರಾ? ಟೆಸ್ಟ್ ಯಾವಾಗ, ಎಲ್ಲಿ ಮಾಡಿದ್ದು?

ಬದಿಯಡ್ಕ ಡಿಟಿಪಿ

ಹೊತ್ತು ಅಂತ ನಾನು ಗಮನಿಸಿಯೇ ಇರಲಿಲ್ಲ ಮಾರಾಯ್ರೇ. ಈಗ ಪುಸ್ತಕದಲ್ಲಿ ಗುರುತು ಹಾಕಿದ್ದನ್ನು ನೋಡಿದೆ. ನೀಲಿ ಪರದೆ ಹೆಚ್ಚಾಗಿ ಮಧ್ಯಾಹ್ನ 2ರಿಂದ 5ರ ಒಳಗೆ. ಸಂಜೆ 7ರ ನಂತರ ಇನ್ನೊಂದು ಬಗೆ: ನೀಲಿ ಪರದೆ ಇಲ್ಲ, ಏನೂ ಇಲ್ಲ, ತಟ್ಟನೆ ರೀಸ್ಟಾರ್ಟ್.

ರ‍್ಯಾಮ್ ಎರಡೂ ಬೇರೆ ಬೇರೆ ಕಂಪನಿಯವು. ಎಕ್ಸ್‌ಎಂಪಿ ಹಾಕಿ 3200ರ ವೇಗದಲ್ಲಿ ಓಡಿಸುತ್ತಿದ್ದಾರೆ. ಟೆಸ್ಟ್ ನಡೆದದ್ದು ಅವರ ಎಸಿ ಕೋಣೆಯಲ್ಲಿ, ರಾತ್ರಿ. ನನ್ನ ಅಂಗಡಿಗೆ ತಗಡಿನ ಮಾಡು. ಮಧ್ಯಾಹ್ನ ಒಳಗೆ ಕಾದ ಕಾವಲಿಯ ಹಾಗೆ ಇರುತ್ತದೆ.

ಕುಂಬಳೆ ಸರ್ವೀಸ್

ಹಾಗಾದರೆ ಎರಡು ಬೇರೆ ಕಾಯಿಲೆ ಇರಬಹುದು ಅಣ್ಣ. ಎರಡನ್ನೂ ಒಂದೇ ಅಂದುಕೊಂಡರೆ ದಾರಿ ತಪ್ಪುತ್ತದೆ.

ಸಂಜೆಯದಕ್ಕೆ ವಿಂಡೋಸ್ ನಡೆದದ್ದನ್ನು ಬರೆದಿಡುವ ಈವೆಂಟ್ ವ್ಯೂವರ್ ನೋಡಿ. ಕರ್ನಲ್-ಪವರ್ 41 ಅಂತ ಕೆಂಪು ಗುರುತು ಇರುತ್ತದೆ. ಅದನ್ನು ಕಂಡ ಕೂಡಲೇ ಎಸ್‌ಎಂಪಿಎಸ್ ಹೋಗಿದೆ ಅಂತ ಹೊಸದು ಕೊಳ್ಳುವವರು ಬಹಳ ಜನ. 41 ಹೇಳುವುದು ಒಂದೇ, ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಮುಚ್ಚಿರಲಿಲ್ಲ ಅಂತ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ (ನೀಲಿ ಪರದೆಯ ಕೋಡು) ಅಂತ ಒಂದು ಸಾಲು ಉಂಟು. ಅಲ್ಲಿ ಸೊನ್ನೆ ಇದ್ದರೆ ನೀಲಿ ಪರದೆ ಬರಲು ಕೂಡ ಪುರುಸೊತ್ತು ಸಿಕ್ಕಿಲ್ಲ. ಕರೆಂಟ್ ಕಡೆ ನೋಡಬೇಕು. ಡಬ್ಲ್ಯೂಎಚ್‌ಇಎ-ಲಾಗರ್ ಹೆಸರಿನಲ್ಲಿ ಏನಾದರೂ ಇದ್ದರೆ ಅದು ಬೇರೆ ಮಾತು. ಅದು ಹಾರ್ಡ್‌ವೇರೇ ಬಾಯಿಬಿಟ್ಟು ಹೇಳಿದ ದೂರು.

ಮಧ್ಯಾಹ್ನದ್ದಕ್ಕೆ ರ‍್ಯಾಮ್ ನೋಡೋಣ. ರ‍್ಯಾಮಿನ ಒಳಗೆ ಪ್ರತಿ ಬಿಟ್ (0 ಅಥವಾ 1) ಕೂಡ ಒಂದು ಪುಟ್ಟ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಚಾರ್ಜ್ ಸೋರುತ್ತಲೇ ಇರುತ್ತದೆ, 64 ಮಿಲಿಸೆಕೆಂಡಿನ ಒಳಗೆ ಮತ್ತೆ ತುಂಬಬೇಕು. ಬಿಸಿ ಏರಿದ ಹಾಗೆ ಸೋರಿಕೆ ಜಾಸ್ತಿ. 85 ಡಿಗ್ರಿ ದಾಟಿದರೆ ಅರ್ಧ ಹೊತ್ತಿಗೇ ತುಂಬಬೇಕು ಅಂತ ನಿಯಮವೇ ಉಂಟು. ಎಸಿ ಕೋಣೆಯಲ್ಲಿ ಪಾಸಾದ ರ‍್ಯಾಮ್ ತಗಡಿನ ಮಾಡಿನ ಕೆಳಗೂ ಪಾಸಾಗಬೇಕು ಅಂತ ಇಲ್ಲ.

ನೀವೇ ಟೆಸ್ಟ್ ಮಾಡಿ. ನಿಮ್ಮ ಅಂಗಡಿಯಲ್ಲಿ, ಮಧ್ಯಾಹ್ನ, ಕ್ಯಾಬಿನೆಟ್ ಮುಚ್ಚಿಟ್ಟು, ಎಕ್ಸ್‌ಎಂಪಿ ಈಗ ಹೇಗಿದೆಯೋ ಹಾಗೇ ಇಟ್ಟು. ಮೆಮ್‌ಟೆಸ್ಟ್86+ ಪೆನ್‌ಡ್ರೈವಿಗೆ ಹಾಕಿ ಬೂಟ್ ಮಾಡಿ. ಹೆಸರಲ್ಲಿ ಗೊಂದಲ ಮಾಡಿಕೊಳ್ಳಬೇಡಿ. ಮೆಮ್‌ಟೆಸ್ಟ್86 ಶುರುವಾದದ್ದು 1994ರಲ್ಲಿ, ಈಗ ಅದನ್ನು ಪಾಸ್‌ಮಾರ್ಕ್ ಕಂಪನಿ ನೋಡಿಕೊಳ್ಳುತ್ತದೆ, ಉಚಿತದ್ದು ನಾಲ್ಕು ಸುತ್ತಿಗೆ ನಿಲ್ಲುತ್ತದೆ. ಕೊನೆಯಲ್ಲಿ ಪ್ಲಸ್ ಇರುವುದು 2004ರಲ್ಲಿ ಅದರಿಂದ ಕವಲೊಡೆದದ್ದು. ಪೂರ್ತಿ ಉಚಿತ, ನೀವು ನಿಲ್ಲಿಸುವವರೆಗೆ ಓಡುತ್ತದೆ.

ಸೊಲ್ಲಾಪುರ ಲ್ಯಾಬ್

ನಮಸ್ಕಾರ ರೀ. ಸೊಲ್ಲಾಪುರ ಕಡೆಯ ಒಂದು ಕನ್ನಡ ಶಾಲೆಯ ಲ್ಯಾಬ್ ನೋಡಿಕೊಳ್ಳುತ್ತೇನೆ. ‘ಡಿಸ್ಕ್ ಹೆಲ್ತ್ 98 ಶೇಕಡಾ’ ಅಂದದ್ದರ ಬಗ್ಗೆ ಎರಡು ಮಾತು ಹೇಳಬೇಕು ಅನಿಸಿತು.

ಎಸ್‌ಎಸ್‌ಡಿಯಲ್ಲಿ ಆ 98 ಅನ್ನುವುದು ಆರೋಗ್ಯ ಅಲ್ಲ ರೀ, ಸವಕಳಿಯ ಲೆಕ್ಕ. ಇಷ್ಟು ಬರೆಯಬಹುದು ಅಂತ ಕಂಪನಿ ಇಟ್ಟ ಅಂದಾಜಿನಲ್ಲಿ 2 ಶೇಕಡಾ ಬರೆದಾಗಿದೆ ಅಂತ. ಕಂಟ್ರೋಲರ್ ನಾಳೆ ಬೆಳಗ್ಗೆ ಸತ್ತರೂ ಇವತ್ತು ರಾತ್ರಿ 98 ಅಂತಲೇ ತೋರಿಸಬಹುದು. ನೋಡಬೇಕಾದ ಸಾಲು ಬೇರೆ ಇದೆ: ಮೀಡಿಯಾ ಆ್ಯಂಡ್ ಡೇಟಾ ಇಂಟೆಗ್ರಿಟಿ ಎರರ್ಸ್. ಅದು ಸೊನ್ನೆ ಇರಬೇಕು.

ಹಳೆಯ ಹಾರ್ಡ್‌ಡಿಸ್ಕಿನ ಬಗ್ಗೆ ಗಟ್ಟಿ ಲೆಕ್ಕ ಇದೆ. ಗೂಗಲ್‌ನವರು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅನುಭವ ಬರೆದರು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ (ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ಬರೆದಿಡುವ ಲೆಕ್ಕ) ನಾಲ್ಕು ಮುಖ್ಯ ಲಕ್ಷಣಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಬಿಸಿಯೊಂದನ್ನು ಬಿಟ್ಟು ಎಲ್ಲ ಲಕ್ಷಣ ಸೇರಿಸಿ ನೋಡಿದರೂ ಕೆಟ್ಟವುಗಳಲ್ಲಿ 36 ಶೇಕಡಾ ಡಿಸ್ಕ್‌ಗಳು ಒಂದು ಸೂಚನೆಯನ್ನೂ ಕೊಡದೆ ಹೋದವು. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಒಮ್ಮೆ ಸ್ಕ್ಯಾನ್ ಎರರ್ ಬಂದ ಡಿಸ್ಕ್ ಮುಂದಿನ 60 ದಿನದೊಳಗೆ ಕೆಡುವ ಸಂಭವ, ಎರರ್ ಬಾರದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಕುಂಬಳೆಯವರು ಹೇಳಿದ ಹಂದಿಯ ಮಾತೇ ಇದು. ಹೆಜ್ಜೆ ಕಂಡರೆ ಬಂದದ್ದು ಖರೆ. ಕಾಣದಿದ್ದರೆ ಏನೂ ಹೇಳಲಿಕ್ಕೆ ಆಗದು.

ನಮ್ಮ ಲ್ಯಾಬ್‌ನಲ್ಲೇ ಆಯಿತು. ಪರೀಕ್ಷೆಯ ಪ್ರಶ್ನೆಪತ್ರಿಕೆ ಇದ್ದ ಡಿಸ್ಕ್. ಶನಿವಾರ ನೋಡಿದಾಗ ನೀಲಿ ಬಣ್ಣದಲ್ಲಿ ‘ಗುಡ್’. ಸೋಮವಾರ ಬಯಾಸಿನಲ್ಲಿ ಡಿಸ್ಕೇ ಕಾಣಲಿಲ್ಲ. ಪ್ರಿಂಟ್ ಒಂದು ಪ್ರತಿ ಇತ್ತು, ಶಿಕ್ಷಕರೆಲ್ಲ ಕೂತು ರಾತ್ರಿ ಮತ್ತೆ ಟೈಪ್ ಮಾಡಿದೆವು. ಅಲ್ಲಿಂದ ಮೇಲೆ ‘ಗುಡ್’ ನೋಡಿ ಬ್ಯಾಕಪ್ ತಪ್ಪಿಸಿದ್ದಿಲ್ಲ.

ಇನ್ನೊಂದು. ಸ್ಮಾರ್ಟ್‌ನಲ್ಲಿ ಸಿ7 ಅಂತ ಇರುತ್ತದೆ, ಸಿಆರ್‌ಸಿ ಎರರ್ ಎಣಿಕೆ, ಅಂದರೆ ದಾರಿಯಲ್ಲಿ ಡೇಟಾ ತಪ್ಪಿದ ಲೆಕ್ಕ. ಅದು ಏರುತ್ತಿದ್ದರೆ ಹೆಚ್ಚಿನ ಸಲ ಡಿಸ್ಕ್ ಅಲ್ಲ, ಸಾಟಾ ಕೇಬಲ್ ಕೆಟ್ಟಿರುತ್ತದೆ. ಟೂಲ್ ಹಳದಿ ತೋರಿಸಿತು ಅಂತ ಒಳ್ಳೆಯ ಡಿಸ್ಕ್ ಎಸೆಯಬೇಡಿ.

ಮಂಜೇಶ್ವರ ಗೇಮರ್

ನನ್ನ ಅಭಿಪ್ರಾಯ ಬೇರೆ. ಈ ಟೆಸ್ಟ್‌ಗಳಿಗೆ ಸಮಯ ಹಾಕುವುದೇ ದಂಡ. ನನ್ನ ಪಿಸಿ ಪ್ರೊಸೆಸರನ್ನು ದುಡಿಸುವ ಪ್ರೈಮ್95 ಟೆಸ್ಟ್ ಪೂರ್ತಿ 24 ಗಂಟೆ ಪಾಸಾಗಿದೆ. ಮರುದಿನ ಬ್ರೌಸರಿನಲ್ಲಿ ಎರಡು ಟ್ಯಾಬ್ ತೆರೆದು ಕೂತಿದ್ದೆ, ಅಷ್ಟಕ್ಕೇ ರೀಸ್ಟಾರ್ಟ್. ಇಂಥ ಟೆಸ್ಟಿನಿಂದ ಏನು ಪ್ರಯೋಜನ? ಬೇರೆ ರ‍್ಯಾಮ್ ತಂದು ಹಾಕಿ ನೋಡುವುದೇ ಸರಿಯಾದ ದಾರಿ.

ಟೂಲ್ ಮಾತ್ರ ಅಲ್ಲ, ಎರರ್ ಸಂದೇಶವೂ ದಾರಿ ತಪ್ಪಿಸುತ್ತದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್‌ಗಳ ಗಲಾಟೆ ನೆನಪಿದೆಯಲ್ವಾ? ಗೇಮ್ ತೆರೆದರೆ ‘ವಿಡಿಯೋ ಮೆಮೊರಿ ಸಾಲದು’ ಅಂತ ಬರುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಮೇಲೆ ಎಲ್ಲರಿಗೂ ಸಂಶಯ. ನಿಜಕ್ಕೂ ತಪ್ಪು ಮಾಡುತ್ತಿದ್ದದ್ದು ಪ್ರೊಸೆಸರ್, ಗೇಮಿನ ಫೈಲ್ ಬಿಚ್ಚುವಾಗ. 2024ರಲ್ಲಿ ಇಂಟೆಲ್ ಅದನ್ನು ಒಪ್ಪಿಕೊಂಡು ಹೊಸ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಪ್ರೋಗ್ರಾಂ) ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು.

ಹೊಸೂರು ಟೆಸ್ಟಿಂಗ್

ಹೊಸೂರಿನ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ಪರೀಕ್ಷೆ ಮಾಡುವುದು ನನ್ನ ಕೆಲಸ. ಮಂಜೇಶ್ವರದ ತಮ್ಮಾ, ನೀನು ಹೇಳಿದ ಘಟನೆ ನಿಜ, ಆದರೆ ಅದರಿಂದ ಟೆಸ್ಟೇ ದಂಡ ಅಂತ ಆಗುವುದಿಲ್ಲ. ಆ ಟೆಸ್ಟ್ ಕೇಳಿದ ಪ್ರಶ್ನೆ ಬೇರೆ, ನಿನ್ನ ಯಂತ್ರದ ದೋಷ ಬೇರೆ. ಅಷ್ಟೇ.

ಪ್ರೈಮ್95 ಹುಟ್ಟಿದ್ದು ಯಂತ್ರ ಪರೀಕ್ಷೆಗೆ ಅಲ್ಲ. 1996ರಲ್ಲಿ ಶುರುವಾದ ಜಿಂಪ್ಸ್ ಯೋಜನೆಯವರು ದೊಡ್ಡ ದೊಡ್ಡ ಮೆರ್ಸೆನ್ ಅವಿಭಾಜ್ಯ ಸಂಖ್ಯೆ ಹುಡುಕಲು ಮಾಡಿಕೊಂಡದ್ದು. ವಾರಗಟ್ಟಲೆ ನಡೆಯುವ ಲೆಕ್ಕದಲ್ಲಿ ಒಂದು ಬಿಟ್ ತಪ್ಪಿದರೂ ಎಲ್ಲ ನೀರುಪಾಲು. ಅದಕ್ಕೇ ಯಂತ್ರ ನಂಬಬಹುದಾ ಅಂತ ನೋಡಲು ‘ಟಾರ್ಚರ್ ಟೆಸ್ಟ್’ ಇಟ್ಟರು. ಅದರಲ್ಲೂ ಬಗೆಗಳಿವೆ. ಸ್ಮಾಲ್ ಎಫ್‌ಎಫ್‌ಟಿ (ಎಫ್‌ಎಫ್‌ಟಿ ಅನ್ನುವುದು ಅದು ಮಾಡುವ ಲೆಕ್ಕದ ವಿಧಾನ) ಪ್ರೊಸೆಸರಿನ ಕ್ಯಾಶ್, ಅಂದರೆ ಅದರದ್ದೇ ಪುಟ್ಟ ಮೆಮೊರಿಯ ಒಳಗೇ ತಿರುಗುತ್ತದೆ. ಬಿಸಿ ಸಿಕ್ಕಾಪಟ್ಟೆ, ಆದರೆ ರ‍್ಯಾಮಿನ ಕಡೆ ಹೋಗುವುದೇ ಕಡಿಮೆ. ರ‍್ಯಾಮ್ ಮತ್ತು ಮೆಮೊರಿ ಕಂಟ್ರೋಲರ್ ನೋಡಬೇಕಾದರೆ ಲಾರ್ಜ್ ಅಥವಾ ಬ್ಲೆಂಡ್ ಓಡಿಸಬೇಕು. ‘ಪ್ರೈಮ್ ಪಾಸ್’ ಅಂತ ಯಾರಾದರೂ ಅಂದರೆ ಯಾವ ಬಗೆ ಅಂತ ನಾನು ಮೊದಲು ಕೇಳುತ್ತೇನೆ.

ನಿನ್ನ ಪಿಸಿ ಸುಮ್ನೆ ಕೂತಾಗ ಬೀಳುವುದು ಯಾಕೆ ಗೊತ್ತಾ? ಎಲ್ಲ ಕೋರ್ ಒಟ್ಟಿಗೆ ದುಡಿಯುವಾಗ ಬಿಸಿ ಮತ್ತು ಕರೆಂಟಿನ ಮಿತಿಗೆ ಸಿಕ್ಕಿ ವೇಗ ತಾನಾಗಿ ಇಳಿಯುತ್ತದೆ. ಬ್ರೌಸರ್ ತೆರೆದಾಗ ಒಂದೇ ಕೋರ್ ಗರಿಷ್ಠ ವೇಗಕ್ಕೆ ಹಾರುತ್ತದೆ. ನೀನು ವೋಲ್ಟೇಜ್ ಇಳಿಸಿದ್ದರೆ ಸಿಕ್ಕಿಬೀಳುವುದು ಅಲ್ಲೇ. ಅದಕ್ಕೆ ಕೋರ್‌ಸೈಕ್ಲರ್ ಅಂತ ಒಂದಿದೆ, ಒಂದೊಂದೇ ಕೋರನ್ನು ಸರದಿಯಲ್ಲಿ ದುಡಿಸುತ್ತದೆ. ಒಂದು ರಾತ್ರಿ ಬಿಟ್ಟು ನೋಡು.

ಈಗ ಬದಿಯಡ್ಕದವರಿಗೆ ಸಣ್ಣ ಲೆಕ್ಕ. ಯಂತ್ರ ಸರಾಸರಿ 10 ಗಂಟೆಗೆ ಒಮ್ಮೆ ತಪ್ಪು ಮಾಡುತ್ತದೆ ಅಂತಿಟ್ಟುಕೊಳ್ಳಿ, ಯಾವಾಗ ಅಂತ ಗೊತ್ತಿಲ್ಲ. ಒಂದು ಗಂಟೆ ಟೆಸ್ಟ್ ಮಾಡಿದರೆ ಅದು ಪಾಸಾಗುವ ಸಂಭವ 100ಕ್ಕೆ 90. ಕೆಟ್ಟ ಯಂತ್ರವೇ, ಆದರೂ 90! 10 ಗಂಟೆ ಓಡಿಸಿದರೆ 37. 30 ಗಂಟೆ ಓಡಿಸಿದರೆ 5. ಎರಡು ತಪ್ಪಿನ ನಡುವೆ ಸರಾಸರಿ ಎಷ್ಟು ಹೊತ್ತು ಹೋಗುತ್ತದೋ, ಅದರ ಮೂರು ಪಟ್ಟು ಹೊತ್ತು ತೊಂದರೆ ಇಲ್ಲದೆ ಓಡಿದರೆ ಮಾತ್ರ ಸರಿಯಾಗಿದೆ ಅಂತ ಧೈರ್ಯವಾಗಿ ಹೇಳಬಹುದು. ನಿಮಗೆ ಕೊಟ್ಟ ಆ ‘ಒಂದು ಗಂಟೆ ಪಾಸ್’ ಎಷ್ಟು ಹಗುರ ಅಂತ ಈಗ ಗೊತ್ತಾಯಿತಲ್ವಾ?

ಪಾಸ್ ಆಗುವ ಟೆಸ್ಟಿಗೂ ಒಂದು ಕುರುಡು ಜಾಗ ಇರುತ್ತದೆ ಅನ್ನುವುದಕ್ಕೆ ಸ್ಕೈಲೇಕ್ ಕತೆಯೇ ಸಾಕ್ಷಿ. 2016ರ ಜನವರಿಯಲ್ಲಿ ಇಂಟೆಲ್ ತನ್ನ ಆ ಪ್ರೊಸೆಸರ್ ಕೆಲವು ಜಟಿಲ ಲೆಕ್ಕಗಳಲ್ಲಿ ಸ್ಥಗಿತವಾಗುತ್ತದೆ ಅಂತ ಒಪ್ಪಿಕೊಂಡಿತು. ಹಿಡಿದುಕೊಟ್ಟವರು ಪ್ರೈಮ್95 ಓಡಿಸುತ್ತಿದ್ದ ಜನ. ಅದೂ ಒಂದು ನಿರ್ದಿಷ್ಟ ಅಳತೆಯ ಎಫ್‌ಎಫ್‌ಟಿಯಲ್ಲಿ ಮಾತ್ರ, ಉಳಿದ ಅಳತೆಗಳಲ್ಲಿ ತೊಂದರೆಯೇ ಇರಲಿಲ್ಲ. ಬಯಾಸ್ ಅಪ್‌ಡೇಟಿನಲ್ಲಿ ಸರಿಮಾಡಿದರು.

ಕುಂಬಳೆ ಸರ್ವೀಸ್

ಹೊಸೂರಿನವರು ಲೆಕ್ಕ ಹಾಕಿ ಹೇಳಿದ್ದು ತುಂಬ ಉಪಕಾರವಾಯಿತು. ನಾನು ಇಷ್ಟು ವರ್ಷ ಅನುಭವದಿಂದ ‘ರಾತ್ರಿಯಿಡೀ ಬಿಡಿ’ ಅನ್ನುತ್ತಿದ್ದೆ, ಯಾಕೆ ಅಂತ ಗಿರಾಕಿಗೆ ವಿವರಿಸಲು ಆಗುತ್ತಿರಲಿಲ್ಲ.

ಬಿಡಿಭಾಗ ಬದಲಿಸಿ ನೋಡುವುದು ಒಳ್ಳೆಯದೇ, ನಾನೂ ಮಾಡುತ್ತೇನೆ. ಆದರೆ ಬದಲಿಸಿದ ಮೇಲೆ ಸರಿಯಾಯಿತಾ ಅಂತ ತಿಳಿಯಲು ಮತ್ತೆ ಟೆಸ್ಟೇ ಬೇಕಲ್ಲ. ಊರಿನ ಗಿರಾಕಿಯ ಮನೆಯಲ್ಲಿ ಎರಡನೇ ಸೆಟ್ ರ‍್ಯಾಮ್ ಎಲ್ಲಿರುತ್ತದೆ?

ಟೂಲ್ ಸುಳ್ಳು ಹೇಳುವ ಒಂದು ಜಾಗವನ್ನು ನಾನು ಹೇಳಲೇಬೇಕು. ವೋಲ್ಟೇಜ್. ಸೀತಾಂಗೋಳಿ ಕಡೆಯ ಒಬ್ಬರು ಹೊಸ ಎಸ್‌ಎಂಪಿಎಸ್ ಕೊಂಡು ನನ್ನಲ್ಲಿಗೆ ಬಂದರು. ಒಂದು ಟೂಲಿನಲ್ಲಿ 12 ವೋಲ್ಟಿನ ಸಾಲು 8.06 ಅಂತ ತೋರಿಸಿತ್ತಂತೆ. ನಿಜಕ್ಕೂ 8 ವೋಲ್ಟ್ ಇದ್ದರೆ ಕಂಪ್ಯೂಟರ್ ಆನ್ ಆಗಿ ಆ ಸಂಖ್ಯೆ ತೋರಿಸಲು ಸಾಧ್ಯವೇ ಇಲ್ಲ. ಹಳೆಯ ಎಸ್‌ಎಂಪಿಎಸ್ಸನ್ನೇ ಮತ್ತೆ ಹಾಕಿದೆ, ಮೊಲೆಕ್ಸ್ ಪಿನ್ನಿನ ಹಳದಿ ತಂತಿಗೆ ಮಲ್ಟಿಮೀಟರಿನ ಕೆಂಪು ಕಡ್ಡಿ, ಕಪ್ಪು ತಂತಿಗೆ ಕಪ್ಪು ಕಡ್ಡಿ. 12.08. ಸರಿಯಾಗಿಯೇ ಇತ್ತು. ಬೋರ್ಡಿನ ಮೇಲಿನ ಸೆನ್ಸರ್ ಚಿಪ್ಪಿನಿಂದ ಬರುವ ಸಂಖ್ಯೆಯನ್ನು ಯಾವುದರಿಂದ ಗುಣಿಸಬೇಕು ಅಂತ ಟೂಲಿಗೆ ಗೊತ್ತಿರಲಿಲ್ಲ, ಅಷ್ಟೇ. ಅವರಿಗೆ ಸುಮ್ನೆ ಖರ್ಚು. ನನಗೆ ಅದು ಇವತ್ತಿಗೂ ಬೇಜಾರು.

ನಿಯಮ ಪ್ರಕಾರ 12 ವೋಲ್ಟಿನ ಸಾಲು 11.4ರಿಂದ 12.6ರ ಒಳಗೆ ಇರಬೇಕು. ನೋಡುವುದಾದರೆ ಮೀಟರಿನಲ್ಲಿ ನೋಡಿ, ಕೆಲಸದ ಭಾರ ಇರುವಾಗ ನೋಡಿ. ಕೈಗೆ ರೂಢಿ ಇಲ್ಲದಿದ್ದರೆ ಬೇಡ, ತಿಳಿದವರನ್ನು ಕರೆಯಿರಿ.

ಮಡಕಶಿರಾ ಮೇಷ್ಟ್ರು

ನಡುವೆ ಒಂದು ಪ್ರಶ್ನೆ. ಲ್ಯಾಪ್‌ಟಾಪಿನಲ್ಲಿ ಆನ್ ಮಾಡುವಾಗಲೇ ಸಿಗುವ ಡಯಾಗ್ನಾಸ್ಟಿಕ್ ಇರುತ್ತಲ್ಲ, ಅದು ಮೂರೇ ನಿಮಿಷದಲ್ಲಿ ಎಲ್ಲ ಪಾಸ್ ಅನ್ನುತ್ತೆ. ಅದಕ್ಕೆ ಬೆಲೆ ಇದೆಯಾ?

ಕುಂಬಳೆ ಸರ್ವೀಸ್

ಬೆಲೆ ಉಂಟು ಮೇಷ್ಟ್ರೇ. ಮೂರು ನಿಮಿಷದ್ದು ಭಾಗಗಳು ಜೀವಂತ ಇವೆಯಾ ಅಂತ ಮಾತ್ರ ನೋಡುತ್ತದೆ. ಅಲ್ಲೇ ‘ಎಕ್ಸ್‌ಟೆನ್ಸಿವ್’ ಅಥವಾ ‘ಥರೋ’ ಅಂತ ಇನ್ನೊಂದು ಇದ್ದರೆ ಅದನ್ನು ಕೊಟ್ಟು ಮಲಗಿ. ಫೇಲ್ ಆದರೆ ಒಂದು ಕೋಡ್ ಕೊಡುತ್ತದೆ. ವಾರಂಟಿ ಇದ್ದರೆ ಅದರ ಫೋಟೋ ತೆಗೆದಿಡಿ, ಸರ್ವೀಸಿನವರ ಜತೆ ಚರ್ಚೆ ಕಡಿಮೆಯಾಗುತ್ತದೆ.

ಬದಿಯಡ್ಕ ಡಿಟಿಪಿ

ಎಲ್ಲರೂ ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ. ಮಾಡಿದ್ದನ್ನೆಲ್ಲ ಕ್ರಮವಾಗಿ ಹೇಳುತ್ತೇನೆ.

ಆದಿತ್ಯವಾರ ಅಂಗಡಿಗೆ ರಜೆ. ಬೆಳಗ್ಗೆ 11ಕ್ಕೆ ಹೋಗಿ, ಕಿಟಕಿ ಮುಚ್ಚಿ, ಮೆಮ್‌ಟೆಸ್ಟ್86+ ಹಾಕಿದೆ. ಮೊದಲ ಸುತ್ತು ಪಾಸ್. ಎರಡನೆಯದೂ ಪಾಸ್. ಮನೆಗೆ ಹೋಗಿ ಊಟ ಮಾಡಿ ಬಂದೆ. ಮಧ್ಯಾಹ್ನ 2:50ಕ್ಕೆ ಮೂರನೇ ಸುತ್ತು ನಡೆಯುತ್ತಿತ್ತು. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೆಮ್‌ಟೆಸ್ಟಿನ ನೀಲಿ ಬಣ್ಣದ ಪರದೆಯ ಮೇಲೆ ತಟ್ಟನೆ ಒಂದು ಕೆಂಪು ಸಾಲು ಬಂತು. ಎರರ್ 1. ಹತ್ತು ನಿಮಿಷ ಕಣ್ಣು ಕದಲಿಸದೆ ನೋಡಿದೆ, ಮತ್ತೆ ಎರಡು. ಎದೆ ಡವಡವ ಅನ್ನುತ್ತಿತ್ತು, ಆದರೆ ಸಂತೋಷಕ್ಕೆ. ಎರಡು ತಿಂಗಳಿನಿಂದ ಕೈಗೆ ಸಿಗದೇ ಇದ್ದದ್ದು ಕಣ್ಣಿಗೆ ಬಿತ್ತಲ್ಲ.

ಹೊಸ ರ‍್ಯಾಮೇ ಕೆಟ್ಟದ್ದು ಅಂದುಕೊಂಡೆ. ಹಳೆಯದನ್ನು ತೆಗೆದು ಹೊಸದೊಂದನ್ನೇ ಇಟ್ಟು ಸೋಮವಾರ ಬೆಳಗ್ಗೆಯಿಂದ ರಾತ್ರಿವರೆಗೆ ಓಡಿಸಿದೆ. ಒಂದು ಎರರೂ ಇಲ್ಲ. ಮಂಗಳವಾರ ಹಳೆಯದೊಂದನ್ನೇ ಇಟ್ಟೆ. ಅದೂ ಶುದ್ಧ. ಬುಧವಾರ ಎರಡನ್ನೂ ಸೇರಿಸಿದೆ, ಮಧ್ಯಾಹ್ನ 3:20ಕ್ಕೆ ಮತ್ತೆ ಕೆಂಪು. ಬೇರೆ ಬೇರೆ ಇಟ್ಟರೆ ಎರಡೂ ಒಳ್ಳೆಯವು, ಒಟ್ಟಿಗೆ ಇಟ್ಟರೆ ಆಗುವುದಿಲ್ಲ. ಇದು ಎಂತ?

ಆ ನಾಲ್ಕು ದಿನ ತಮ್ಮನ ಲ್ಯಾಪ್‌ಟಾಪಿನಲ್ಲಿ ಕೆಲಸ ಸುಧಾರಿಸಿದೆ. ಎರಡು ಸಲ ವಿಂಡೋಸ್ ಹಾಕಿದ್ದು ನೆನೆದರೆ ಸಂಕಟ ಆಗುತ್ತದೆ.

ಹೊಸೂರು ಟೆಸ್ಟಿಂಗ್

ಸಂಕಟ ಬೇಡ ಅಣ್ಣಾ. ಲಿನಕ್ಸ್ ಹುಟ್ಟಿಸಿದ ಲಿನಸ್ ಟೋರ್ವಾಲ್ಡ್ಸ್ ಅವರಿಗೂ 2022ರ ಅಕ್ಟೋಬರಿನಲ್ಲಿ ಹೀಗೇ ಆಯಿತು. ಲಿನಕ್ಸಿನ ತಿರುಳಾದ ಕರ್ನಲ್‌ನ 6.1 ಆವೃತ್ತಿಯ ಕೆಲಸದ ನಡುವೆ ಕಂಪೈಲರ್ (ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಎಲ್ಲೆಲ್ಲೋ ಎಡವತೊಡಗಿತು. ಕರ್ನಲ್‌ನಲ್ಲೇ ಏನೋ ತಪ್ಪಿದೆ ಅಂತ ಅವರಿಗೂ ಮೊದಲು ಅನಿಸಿತು. ಕೊನೆಗೆ ನೋಡಿದರೆ ರ‍್ಯಾಮ್. ಎರಡೂವರೆ ವರ್ಷ ಸರಿಯಾಗಿ ನಡೆದ ಯಂತ್ರ ಅದು.

ನಮ್ಮ ಸಾಮಾನ್ಯ ಪಿಸಿಗಳಲ್ಲಿ, ತಪ್ಪಿದ ಬಿಟ್ಟನ್ನು ತಾನೇ ಹಿಡಿದು ತಿದ್ದುವ ಇಸಿಸಿ ರ‍್ಯಾಮ್ ಇಲ್ಲ. ಒಂದು ಬಿಟ್ ತಿರುಗಿದರೆ ಹಿಡಿಯುವವರೇ ಇಲ್ಲ, ಅದು ಸದ್ದಿಲ್ಲದೆ ನಿಮ್ಮ ಫೋಟೋದೊಳಗೆ ಹೋಗಿ ಕೂರುತ್ತದೆ. ಇಸಿಸಿ ಇರುವ ಸರ್ವರ್‌ಗಳಲ್ಲಿ ಎಣಿಸಿ ನೋಡಿದ್ದಾರೆ. ಗೂಗಲ್ ಯಂತ್ರಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೆ ಸುಮಾರು 8 ಶೇಕಡಾ ರ‍್ಯಾಮ್ ಪಟ್ಟಿಗಳಲ್ಲಿ ಒಂದಾದರೂ ತಪ್ಪು ಕಂಡಿತ್ತು. ಹೊಸ ಡಿಡಿಆರ್5 ರ‍್ಯಾಮಿನಲ್ಲಿ ಚಿಪ್ಪಿನ ಒಳಗೇ ತಿದ್ದಿಕೊಳ್ಳುವ ವ್ಯವಸ್ಥೆ ಬಂದಿದೆ, ಆದರೆ ಚಿಪ್ಪಿನಿಂದ ಪ್ರೊಸೆಸರಿಗೆ ಬರುವ ದಾರಿಯನ್ನು ಅದು ಕಾಯುವುದಿಲ್ಲ.

ಕುಂಬಳೆ ಸರ್ವೀಸ್

ನಿಮ್ಮ ಫಲಿತಾಂಶ ಸ್ಪಷ್ಟ ಉಂಟು ಅಣ್ಣ. ಮೆಮ್‌ಟೆಸ್ಟಿನ ಕೆಂಪು ಸಾಲು ‘ರ‍್ಯಾಮ್ ಕೆಟ್ಟಿದೆ’ ಅಂತ ಹೇಳುವುದಿಲ್ಲ. ಬರೆದದ್ದು ಒಂದು, ಓದುವಾಗ ಬಂದದ್ದು ಇನ್ನೊಂದು ಅಂತ ಮಾತ್ರ ಹೇಳುತ್ತದೆ. ತಪ್ಪು ರ‍್ಯಾಮಿನದ್ದಾಗಿರಬಹುದು, ಸ್ಲಾಟಿನದ್ದು, ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರಿನದ್ದು, ಅಥವಾ ಹಾಕಿದ ವೇಗದ್ದು. ಟೂಲ್ ಬೆರಳು ತೋರಿಸುವುದು ದಾರಿಯ ಕಡೆಗೆ, ಮನೆಯ ಕಡೆಗೆ ಅಲ್ಲ. ನೀವು ಒಂದೊಂದೇ ಇಟ್ಟು ನೋಡಿದ್ದು ಸರಿಯಾದ ಕ್ರಮ.

ಎಕ್ಸ್‌ಎಂಪಿ ಅಂದರೆ ಕಂಪನಿಯವರು ಆ ಒಂದು ಸೆಟ್ಟಿಗೆ ನೋಡಿ ಬರೆದಿಟ್ಟ ವೇಗ, ಟೈಮಿಂಗ್, ವೋಲ್ಟೇಜ್. 3200ಕ್ಕೆ ಹೆಚ್ಚಾಗಿ 1.35 ವೋಲ್ಟ್. ಎರಡು ಕಂಪನಿಯ ಪಟ್ಟಿಗಳು ಆ ವೇಗದಲ್ಲಿ ಜತೆಯಾಗಿ ಓಡುತ್ತವೆ ಅಂತ ಯಾರೂ ಮಾತು ಕೊಟ್ಟಿಲ್ಲ. ಬಿಸಿಯಲ್ಲಂತೂ ಅಂಚಿಗೆ ಬರುತ್ತವೆ. ಈಗ ಎಕ್ಸ್‌ಎಂಪಿ ತೆಗೆದು 2666ಕ್ಕೆ, 1.2 ವೋಲ್ಟಿಗೆ ಇಳಿಸಿ. ಪೇಜ್‌ಮೇಕಿಂಗ್ ಕೆಲಸದಲ್ಲಿ ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ಅದೇ ತಗಡಿನ ಮಾಡಿನ ಕೆಳಗೆ, ಅದೇ ಮಧ್ಯಾಹ್ನ, ಮತ್ತೆ ಟೆಸ್ಟ್ ಮಾಡಿ.

ಜತೆಗೆ ನಿಮ್ಮದೇ ಕೆಲಸದಿಂದ ಒಂದು ಟೆಸ್ಟ್. ಆಮಂತ್ರಣದ ಫೋಟೋಗಳನ್ನೆಲ್ಲ 7-ಜಿಪ್ ಅನ್ನುವ, ಫೈಲುಗಳನ್ನು ಒಂದೇ ಕಟ್ಟು ಮಾಡುವ ಪ್ರೋಗ್ರಾಮಿನಲ್ಲಿ ಒಂದು 5 ಜಿಬಿ ಫೈಲ್ ಮಾಡಿ, ‘ಟೆಸ್ಟ್ ಆರ್ಕೈವ್’ ಹತ್ತಿಪ್ಪತ್ತು ಸಲ ಕೊಡಿ. ಪ್ರತಿ ಸಲ ಒಂದೇ ಫೈಲಿನಲ್ಲಿ ಸಿಆರ್‌ಸಿ ತಪ್ಪು ಬಂದರೆ ಫೈಲೇ ಹಾಳಾಗಿದೆ. ಒಮ್ಮೆ ಇದರಲ್ಲಿ, ಒಮ್ಮೆ ಅದರಲ್ಲಿ, ಒಮ್ಮೆ ಎಲ್ಲೂ ಇಲ್ಲ ಅಂದರೆ ರ‍್ಯಾಮ್ ಅಥವಾ ಪ್ರೊಸೆಸರ್ ಕಡೆ ನೋಡಬೇಕು.

ಮಂಜೇಶ್ವರ ಗೇಮರ್

ಕೋರ್‌ಸೈಕ್ಲರ್ ಓಡಿಸಿದೆ. 40 ನಿಮಿಷದಲ್ಲಿ ನಾಲ್ಕನೇ ಕೋರ್ ಎರರ್ ಕೊಟ್ಟಿತು. ಆ ಕೋರಿಗೆ ಮಾತ್ರ ವೋಲ್ಟೇಜ್ ಇಳಿಕೆ ಕಡಿಮೆ ಮಾಡಿದ್ದೇನೆ. ಟೆಸ್ಟ್ ದಂಡ ಅಂದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಹೊಸೂರಿನ ಅಣ್ಣನಿಗೆ ಧನ್ಯವಾದ.

ಬದಿಯಡ್ಕ ಡಿಟಿಪಿ

2666ಕ್ಕೆ ಇಳಿಸಿ ಎರಡು ಮಧ್ಯಾಹ್ನ ಸೇರಿ 30 ಗಂಟೆ ಓಡಿಸಿದೆ. ಎರರ್ ಸೊನ್ನೆ. 7-ಜಿಪ್ 20 ಸಲ ಕೊಟ್ಟೆ, 20 ಸಲವೂ ಸರಿ.

ಸಂಜೆಯ ರೀಸ್ಟಾರ್ಟ್ ಮಾತ್ರ ಮತ್ತೊಮ್ಮೆ ಆಯಿತು. ಈವೆಂಟ್ ವ್ಯೂವರಿನಲ್ಲಿ 41, ಬಗ್‌ಚೆಕ್ ಸೊನ್ನೆ. ಕುಂಬಳೆಯವರು ಫೋನಿನಲ್ಲಿ ಹೇಳಿದ ಹಾಗೆ ಪ್ಲಗ್ಗಿನ ವೋಲ್ಟೇಜ್ ಅಳೆದೆ. ಸಂಜೆ 7:30ಕ್ಕೆ 178. ಯುಪಿಎಸ್ ಆಗಾಗ ಟಿಕ್ ಟಿಕ್ ಅಂತ ಬ್ಯಾಟರಿಗೆ ಹೋಗುತ್ತಿತ್ತು. ಯುಪಿಎಸ್ಸಿನ ಪ್ರೋಗ್ರಾಮಿನಲ್ಲಿ ಬ್ಯಾಟರಿ 100 ಶೇಕಡಾ, ಸೆಲ್ಫ್ ಟೆಸ್ಟ್ ಪಾಸ್. ಕೆಲಸ ಎಲ್ಲ ಸೇವ್ ಮಾಡಿ ಸುಮ್ನೆ ಡೆಸ್ಕ್‌ಟಾಪ್ ಇರುವಾಗ ಪ್ಲಗ್ ಎಳೆದೆ, ನಾಲ್ಕು ನಿಮಿಷ ನಿಂತಿತು. ಮತ್ತೆ ಪ್ರೈಮ್95 ಓಡಿಸುತ್ತಾ ಎಳೆದೆ. ಒಂದು ಉದ್ದ ಪೀಂ ಅಂದು ಎರಡು ಸೆಕೆಂಡಿನಲ್ಲಿ ಎಲ್ಲ ಕತ್ತಲೆ. ಬ್ಯಾಟರಿಯ ಪಕ್ಕ ಬಿಚ್ಚಿ ನೋಡಿದರೆ ಹೊಟ್ಟೆ ಉಬ್ಬಿತ್ತು. 12 ವೋಲ್ಟ್ 7 ಎಎಚ್ ಹೊಸದು ಹಾಕಿಸಿದೆ. ಈಗ ಭಾರ ಇರುವಾಗಲೂ ನಿಲ್ಲುತ್ತದೆ.

ಹೊಸೂರು ಟೆಸ್ಟಿಂಗ್

ಬಹಳ ಸಂತೋಷ. ಆದರೆ ಲೆಕ್ಕ ಮರೆಯಬೇಡಿ. ಮೊದಲು ವಾರಕ್ಕೆ ಮೂರು ನಾಲ್ಕು ಸಲ, ಅಂದರೆ ಸುಮಾರು ಎರಡು ದಿನಕ್ಕೊಮ್ಮೆ ಬೀಳುತ್ತಿತ್ತು. ಮೂರು ಪಟ್ಟು ಅಂದರೆ ಆರು ದಿನ. ಆರು ದಿನ ಎಂದಿನ ಕೆಲಸ ಮಾಡಿ, ಆಮೇಲೆ ಹೇಳಿ. ಅಲ್ಲಿಯವರೆಗೆ ಪ್ರಿಂಟಿಗೆ ಹೋಗುವ ಪ್ರತಿ ಪಿಡಿಎಫ್ಫನ್ನು ಪುಟ ಪುಟ ನೋಡಿ ಕಳಿಸಿ.

ಬದಿಯಡ್ಕ ಡಿಟಿಪಿ

ಇವತ್ತಿಗೆ ಎಂಟನೇ ದಿನ. ನಡುವೆ ಎರಡು ಸಂಜೆ ಕರೆಂಟ್ ಹೋಯಿತು, ಒಂದು ಮಧ್ಯಾಹ್ನ ಅಂಗಡಿಯೊಳಗೆ 37 ಡಿಗ್ರಿ ಇತ್ತು. ಯಂತ್ರ ಒಮ್ಮೆಯೂ ನಿಂತಿಲ್ಲ. ಆಮಂತ್ರಣದ 3000 ಪ್ರತಿ ಮುದ್ರಣವಾಗಿ ನಿನ್ನೆ ಸಮಿತಿಯವರ ಕೈಗೆ ಸೇರಿತು. ಮೊದಲ ಪ್ರತಿ ಬಂದ ಕೂಡಲೇ 17ನೇ ಪುಟ ಬಿಡಿಸಿ ನೋಡಿದೆ. ತಂತ್ರಿಗಳು ಪಾದದವರೆಗೂ ಇದ್ದಾರೆ.